ಗೊಲ್ಲಾಳಪ್ಪನವರ ಹೆಸರಿನ ಫೋಲ್ಡರ್

ಮರಾಠಿ, ಇಂಗ್ಲಿಷ್ ಎರಡೂ ಟೈಪಿಂಗ್ ಪರೀಕ್ಷೆಗಳನ್ನು ಒಂದೇ ವರ್ಷ ಪಾಸು ಮಾಡಲು ನಿಜಾಮುದ್ದೀನ ಮಾಸ್ತರರು ಯೌವನದಲ್ಲಿ ಪಟ್ಟ ಪಾಡು ಮಹಾರಾಷ್ಟ್ರದ ಗಡಿಯೂರು ಜತ್ತದ ಹಳಬರಿಗೆಲ್ಲ ಗೊತ್ತಿತ್ತು. ಹಗಲು ತಂದೆಯ ಬಟ್ಟೆ ಅಂಗಡಿ, ಸಂಜೆ ಬಾಡಿಗೆಯ ಯಂತ್ರ. ಪ್ರಮಾಣಪತ್ರದಲ್ಲಿ ತಮ್ಮ ಪೂರ್ಣ ಹೆಸರು ಕಂಡಂದಿನಿಂದ ಅವರದೊಂದು ನೇಮ: ಯಾರ ಹೆಸರನ್ನೂ ಮೊಟಕು ಮಾಡಿ ಬರೆಯಬಾರದು; ತನ್ನದು, ತಂದೆಯದು, ಮನೆತನದ್ದು, ಮೂರೂ ಇರಬೇಕು.

೧೯೯೯ರಲ್ಲಿ ಅವರ ಟೈಪಿಂಗ್ ಕ್ಲಾಸಿಗೆ ಕಂಪ್ಯೂಟರ್ ಬಂತು. ಬಾಲಗಾಂವದ ಸೋಮನಿಂಗಪ್ಪನವರು ತೀರಿಕೊಂಡ ತಂದೆ ಗೊಲ್ಲಾಳಪ್ಪನವರ ನೆನಪಿಗೆಂದು ಕೊಟ್ಟದ್ದು. ಹಿರಿಯರ ಹೆಸರು ಯಂತ್ರದೊಳಗೂ ಇರುವುದೆಂದು ಮಾಸ್ತರರು ಮಾತು ಕೊಟ್ಟರು. ಗೊಲ್ಲಾಳಪ್ಪ ಭೀಮರಾಯ ಬಿರಾದಾರ ಎಂದು ಪೂರ್ಣ ಹೆಸರಿನ ಫೋಲ್ಡರ್ ತೆರೆದು, ಮಕ್ಕಳು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರನ್ನು ಅದರಲ್ಲಿಯೇ ಇರಿಸಿದರು.

ಕಂಪೈಲರ್ ಕೆಲಸ ಮಾಡಲಿಲ್ಲ. ತನ್ನವೇ ಫೈಲುಗಳು ಸಿಗುತ್ತಿಲ್ಲವೆಂದಿತು. ಮಾಸ್ತರರು ಅದರ ಫ್ಲಾಪಿ ಮಾರಿದ್ದ ವಿಜಾಪುರದ ಅಂಗಡಿಯವನನ್ನು ಬೈದು ಬೇರೆ ಫ್ಲಾಪಿ ತರಿಸಿದರು. ಅದೂ ನಡೆಯದಾಗ, ಸೋಮನಿಂಗಪ್ಪನವರ ಮೊಮ್ಮಗಳು ಉಮಾಶ್ರೀ ಏನನ್ನೋ ಒತ್ತಿ ಕೆಡಿಸಿದಳೆಂದು ಇಡೀ ಕ್ಲಾಸಿನೆದುರು ಗದರಿದರು.

ಮೊಮ್ಮಗಳ ಪ್ರೋಗ್ರಾಮ್ ನೋಡಲು ಅಜ್ಜ ಬರಲಿದ್ದ ದಿನ, ಮಾಸ್ತರರು ಬೇರೆ ದಾರಿ ಕಾಣದೆ ಕಂಪೈಲರ್ ತಾನೇ ಸೂಚಿಸಿದ ಚಿಕ್ಕ ಹೆಸರಿನ ಫೋಲ್ಡರಿನಲ್ಲಿ ಅದನ್ನು ಹಾಕಿದರು. ಕೂಡಲೇ ನಡೆಯಿತು. ಹಳೆಯ ಕಾಲದ ಆ ಕಂಪೈಲರಿಗೆ ಎಂಟು ಇಂಗ್ಲಿಷ್ ಅಕ್ಷರ ಮೀರಿದ ಹೆಸರು ತಿಳಿಯುತ್ತಿರಲಿಲ್ಲ. ಕೆಡಿಸಿದವರು ತಾವೇ.

ಅಷ್ಟರಲ್ಲಿ ಸೋಮನಿಂಗಪ್ಪನವರು ಮೊಮ್ಮಗಳ ಕೈಹಿಡಿದು ಒಳಬಂದರು.

"ಏನ್ರಿ ಮಾಸ್ತರ, ನಮ್ಮ ಹುಡುಗಿ ನಿಮ್ಮ ಮಶೀನ ಕೆಡಿಸ್ಯಾಳಂತ?"

"ಆಕೀದೇನೂ ತಪ್ಪಿಲ್ರಿ ಗೌಡ್ರ. ತಪ್ಪು ನಂದ." ಮಾಸ್ತರರು ತಲೆಯೆತ್ತಲಿಲ್ಲ. "ಇದು ಉದ್ದ ಹೆಸರು ಹಿಡಿಯಂಗಿಲ್ಲ. ಒಂದೋ ಹಿರೇರ ಹೆಸರು ತಗೀಬೇಕು, ಇಲ್ಲಂದ್ರ ಕತ್ತರಿಸಬೇಕು. ಕೊಟ್ಟ ಮಾತು ಉಳಿಸ್ಲಿಲ್ರಿ ನಾ."

"ಇಷ್ಟಕ್ಕ ಮಾರಿ ಸಣ್ಣದು ಮಾಡ್ಕೊಂಡೀರೇನು? ಕುಂದ್ರಿ ಮೊದಲ. ನಮ್ಮಪ್ಪನ ಪೂರಾ ಹೆಸರು ಇದ್ದದ್ದು ಹೊಲದ ಉತಾರದ ಕಾಗದದಾಗ ಅಷ್ಟ. ಊರ ಮಂದಿ ಗೊಲ್ಯಾ ಅಂತಿದ್ರು. ನಮ್ಮವ್ವ ಗಂಡನ ಹೆಸರು ಹಿಡೀಬಾರದಂತ ಬರೇ ಕೆಮ್ಮತಿದ್ಲು. ಅಟ್ಟದ ಮ್ಯಾಲಿದ್ರೂ ಆಂವ ಇಳಿದು ಬರ್ತಿದ್ದ."

ಕ್ಲಾಸು ನಕ್ಕಿತು. ಮಾಸ್ತರರು ನಗಲಿಲ್ಲ. ಗೊಲ್ಯಾ ಎಂದಷ್ಟೇ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ, ಕಂಪೈಲರನ್ನು ಆ ಫೋಲ್ಡರಿಗೆ ಹಾಕಿದರು. ಉಮಾಶ್ರೀಯ ಪ್ರೋಗ್ರಾಮ್ ಬರೆದ ಹದಿಮೂರರ ಮಗ್ಗಿ ಪರದೆಯ ತುಂಬ ಮೂಡಿತು.

ಆಗ ಅವರು ಎದ್ದು ನಿಂತರು. "ಉಮಾಶ್ರೀ, ನಿನಗ ಎಲ್ಲಾರ ಮುಂದ ಬೈದಿದ್ದೆ. ಎಲ್ಲಾರ ಮುಂದನ ಹೇಳ್ತೀನಿ, ನಂದ ತಪ್ಪಾತವ್ವ."

ಹುಡುಗಿ ತಲೆಯಾಡಿಸಿದಳು, ಆದರೆ ಅವಳ ಕೈ ಅಜ್ಜನ ಅಂಗಿಯ ತೋಳನ್ನು ಎಳೆಯುತ್ತಿತ್ತು.

"ಮುತ್ಯಾ, ನಿಮ್ಮವ್ವ ಕೆಮ್ಮತಿದ್ದದ್ದು ಇನ್ನೊಮ್ಮೆ ಹೇಳು."