ಇನ್ನೂರರ ಜರಡಿ

ಜರ್ ಜರ್ ಎನ್ನುತ್ತಿದೆ, ಯಾರೋ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಾರೆ ಅಂದುಕೊಂಡ ಸೊಣ್ಣಪ್ಪ, ಕೋಲಾರದ ಆಸ್ಪತ್ರೆಯ ಜಗಲಿಗೆ ರಾಗಿಹಿಟ್ಟು ಎಲ್ಲಿಂದ ಬರಬೇಕು, ಪಕ್ಕದಲ್ಲಿ ಗೋಡೆಗೊರಗಿ ಕೂತ ಹೆಂಡತಿ ಮುನಿಯಲ್ಲಮ್ಮನ ಉಸಿರು ಅದು — ಅದಿರು ಅರೆಯುವ ಮಿಲ್ಲಿಗೆ ಎಪ್ಪತ್ತನೇ ಇಸವಿಯಲ್ಲಿ ಸೇರಿ ಹದಿನಾಲ್ಕು ವರ್ಷ ಜರಡಿಯ ಮುಂದೆ ನಿಂತವನ ಕಿವಿಗೆ ಎಲ್ಲವೂ ಜರಡಿಯೇ, ಕಲ್ಲು ನುಚ್ಚಾಗಿ ನುಚ್ಚು ಹಿಟ್ಟಾಗಿ ಕಟ್ಟಕಡೆಗೆ ಇನ್ನೂರರ ಜರಡಿ, ಒಂದಂಗುಲದುದ್ದಕ್ಕೆ ಇನ್ನೂರು ಕಣ್ಣು, ಅದರಲ್ಲಿ ಇಳಿದದ್ದನ್ನು ಹೆಬ್ಬೆರಳಲ್ಲಿ ತೀಡಿದರೆ ಬೆಣ್ಣೆಯ ನುಣುಪು, ಮೇಸ್ತ್ರಿ ಚನ್ನರಾಯಪ್ಪ ಮೊದಲ ದಿನವೇ ಒದ್ದೆ ಟವಲು ಕೈಗಿಟ್ಟಿದ್ದ, ಮೂಗು ಬಾಯಿ ಬಿಗಿದು ಕಟ್ಕಳ್ಳೋ, ಕಾಣೋ ಧೂಳಿಗೆ ಹೆದರಬೇಡ, ಕಾಣದೇ ಇರೋದು ನೆಲಕ್ಕೇ ಬೀಳಲ್ಲ ಕಣೋ, ಕಟ್ಟಿಕೊಂಡ, ಒಂದು ದಿನವೂ ತಪ್ಪಲಿಲ್ಲ — ಸಂಜೆ ಮನೆ ಬಾಗಿಲಲ್ಲಿ ಅವಳು ಅಡ್ಡ ನಿಲ್ಲುತ್ತಾಳೆ, ಬೂದಿ ಬಳ್ಕಂಡ ಜಂಗಮಯ್ಯ ಬಂದ ನೋಡು, ಅಲ್ಲೇ ನಿಂತ್ಕಳ್ಳಪ್ಪ, ಮುದ್ದೆ ಮೇಲೆ ಉದುರಿಸ್ಬೇಡ, ದಿನಾ ಒಗೆಯಲು ಬಾವಿಯಲ್ಲಿ ನೀರೆಲ್ಲಿ, ಒಗೆತ ಸೋಮವಾರಕ್ಕೆ, ಮಿಕ್ಕ ದಿನ ಅಂಗಿ ಬಿಚ್ಚಿಸಿಕೊಂಡು ಬೇಲಿ ಪಕ್ಕ ಕೊಡವುತ್ತಾಳೆ, ಪಟ್ ಪಟ್, ಇಳಿಬಿಸಿಲಿನಲ್ಲಿ ಬಿಳಿ ಹೊಗೆಯಂತೆ ಎದ್ದು ಅವಳ ಮುಖದ ಸುತ್ತ ನಿಲ್ಲುತ್ತದೆ, ಅವನು ಕಟ್ಟೆಯ ಮೇಲೆ ಕೂತು ನೋಡುತ್ತಾನೆ, ಚೆಂದವಾಗಿಯೇ ಕಾಣುತ್ತದೆ, ಟವಲು ಅವನ ಕೊರಳಲ್ಲೇ ಇದೆ, ಒದ್ದೆ ಇನ್ನೂ ಆರಿಲ್ಲ — ಈಯಮ್ಮ ಯಾವ ಮಿಲ್ಲಲ್ಲಿ ಎಷ್ಟು ವರ್ಷ ಮಾಡಿದ್ದು ಎಂದು ಡಾಕ್ಟರು ಕೇಳಿದರು, ಎಕ್ಸ್‌ರೇ ಬೆಳಕಿಗೆ ಹಿಡಿದಿದ್ದರು, ಎದೆಯ ತುಂಬ ಹಿಟ್ಟು ಎರಚಿದಂತೆ ಬಿಳಿ ಚುಕ್ಕೆ, ಅವಳಿಗೆ ನಗು, ಮಿಲ್ಲಿನ ಗೇಟೂ ನೋಡಿಲ್ಲ ಸಾಮಿ, ಹೋಗೋರು ಇವ್ರು, ನಕ್ಕಿದ್ದಕ್ಕೆ ಕೆಮ್ಮು ಹತ್ತಿತು, ಅವಳನ್ನು ಹೊರಗೆ ಕೂರಿಸಿ ಬಂದ ಮೇಲೆ ಡಾಕ್ಟರು ಅವನೊಬ್ಬನಿಗೇ ಹೇಳಿದರು, ಇದು ಕಲ್ಲಿನ ಧೂಳು, ಒಳಗೆ ಹೋದ್ರೆ ಈಚೆ ಬರಲ್ಲ, ಔಷಧಿ ಇಲ್ಲ, ಮನೆಗೆ ಕರ್ಕೊಂಡ್ಹೋಗಿ, ಅನುಮಾನಕ್ಕೆ ಅವನ ಎದೆಯ ಎಕ್ಸ್‌ರೇಯನ್ನೂ ತೆಗೆಸಿ ನೋಡಿದರು, ಚೊಕ್ಕಟವಾಗಿತ್ತು — ಹೇಳಬೇಕು, ಮುಳಬಾಗಿಲ ಬಸ್ಸು ಬರುವುದರೊಳಗೆ ಹೇಳಿಬಿಡಬೇಕು, ನನ್ನ ಅಂಗಿಯಿಂದ ಕಣೇ, ನಾನು ನೋಡ್ತಾ ಕೂತಿದ್ದೆ ಕಣೇ, ಬಾಯಿ ತೆರೆದ, ಏನಂದ್ರು ಡಾಕ್ಟ್ರು ಎಂದು ಅವಳೇ ಕೇಳಿದಳು, ಶೀತ ಅಂದ್ರು ಎಂದ, ಅವಳು ನಂಬಿದಳೋ ಬಿಟ್ಟಳೋ, ಅವನ ಹೆಗಲು ನೋಡುತ್ತಿದ್ದಳು, ಗೋಡೆಯ ಸುಣ್ಣ ಮೆತ್ತಿದೆ, ಇತ್ತ ತಿರುಗು ಎಂದು ಕೈ ಎತ್ತಿ ಕೊಡವಿದಳು, ಪಟ್, ಆ ಕೈ ಹಿಡಿಯುವಷ್ಟರಲ್ಲಿ ಎದ್ದೇಬಿಟ್ಟಿತು, ಬಿಸಿಲ ಕೋಲಿನಲ್ಲಿ ಬಿಳಿ ಧೂಳು, ಅವಳ ಮುಖದ ಸುತ್ತ, ಬೀಳುತ್ತಿಲ್ಲ, ಅವಳ ಮುಖದ ಸುತ್ತ, ಬೀಳುತ್ತಿಲ್ಲ