ಹೊಂಬಾಳಮ್ಮನ ಸೋಬಾನೆ ಯಾರದು?

ಪೂರಿಗಾಲಿಯ ಪುಷ್ಪಾ ಫೋನು ಹಿಡಿದು ಜಗಲಿಯ ಮೇಲೆ ಕುಸಿದು ಕೂತಳು. ಅತ್ತೆ ಹೊಂಬಾಳಮ್ಮ ತಮ್ಮ ಮಗಳ ಮಗಳಾದ ತೇಜುವಿನ ಮದುವೆಯಲ್ಲಿ ಹಾಡಿದ ಸೋಬಾನೆ ಪದವನ್ನು ಪುಷ್ಪಾ ತನ್ನ ವಿಡಿಯೊ ಚಾನೆಲ್ಲಿಗೆ ಹಾಕಿದ್ದಳು. ಈಗ ಅದರ ಮೇಲೆ ಕಾಪಿರೈಟ್ ಕ್ಲೇಮ್ ಬಂದಿತ್ತು. ಹಾಡು ಯಾವುದೋ ಕ್ಯಾಸೆಟ್ ಕಂಪನಿಯದಂತೆ!

ಗಂಡ ಕೆಂಪರಾಜು ಹೆದರಿದ. "ಕೋರ್ಟು ಕಚೇರಿ ಅಲೆಯಕ್ಕಾಯ್ತದಾ? ಮೊದ್ಲು ಅದ್ನ ಅಳ್ಸಾಕು."

"ಅಳ್ಸುದ್ರೆ ಅತ್ತೆ ಪದ ಇನ್ನೆಲ್ಲಿ ಅದೆ? ಫೋನಲ್ಲಿ ಜಾಗ ಇಲ್ಲ ಅಂತ ಅಸಲಿ ವಿಡಿಯೊ ಆಗ್ಲೇ ತೆಗ್ದಾಕ್ಬುಟ್ಟೆ."

ಮತ್ತೆ ಹಾಡಿಸೋಣವೆಂದರೆ ಹೊಂಬಾಳಮ್ಮನಿಗೆ ಈಚೆಗೆ ಉಬ್ಬಸ. ಎರಡು ಸಾಲೂ ಹಾಡಲಾಗದು. ಆದರೆ ಮಾತಿಗೇನೂ ಬರವಿರಲಿಲ್ಲ. "ನಮ್ಮವ್ವ ಕಲ್ಸಿದ್ ಪದ ಕಣ್ಲಾ. ಆ ಕಂಪನಿಯೋನೂ ನಮ್ಮವ್ವನ ಜಗಲಿ ಮೇಲೆ ಕೂತು ಕಲ್ತಿದ್ನಾ?"

ಸುದ್ದಿ ಕೇಳಿ ಪಂಚಾಯಿತಿ ಗ್ರಂಥಾಲಯದ ರೂಪ ಬಂದಳು. ಫೋನು ನೋಡಿ ನಕ್ಕಳು.

"ಕೆಂಪರಾಜಣ್ಣ, ಇದು ಕೋರ್ಟಿನ ನೋಟೀಸಲ್ಲ. ಎರಡು ಪದದ ರಾಗ ಒಂದೇ ಥರ ಅಂತ ಕಂಪ್ಯೂಟರ್ ತಾನಾಗೇ ಇಡ್ಕಂಡದೆ, ಅಷ್ಟೆಯ. ಪುಷ್ಪಕ್ಕ, ಯಾವ ಭಾಗದ ಮೇಲೆ ಕ್ಲೇಮು ಅಂತ ಓದ್ಕೊ. ನಮ್ದೇ ಆದ್ರೆ ಆಕ್ಷೇಪಣೆ ಸಲ್ಲಿಸ್ಬೋದು."

"ಅಂಗಾದ್ರೆ ನನ್ನ ಮುದ್ದೆ ವಿಡಿಯೊಕ್ಕೂ ಸಲ್ಸ್ಬುಡ್ಲಾ? ಅದ್ಕೂ ಬಂದದೆ."

"ಅದ್ರಲ್ಲಿ ಸಿನಿಮಾ ಹಾಡು ಆಕಿದ್ದೀಯಲ್ಲವ್ವ!"

"ಹಾಡಿನೋರ್ಗೆ ಧನ್ಯವಾದ ಅಂತ ಬರ್ದಿದ್ನಲ್ಲ?"

"ಪಕ್ಕದ ಮನೆ ಕೋಳಿ ಕುಯ್ದು ಧನ್ಯವಾದ ಅಂದ್ರೆ ಸುಮ್ಕಿರ್ತಾರಾ? ಆ ಹಾಡು ತೆಗ್ದು, ಮುದ್ದೆ ತಿರುವೋ ಸದ್ದೇ ಬುಡು. ಸುಳ್ಳು ಆಕ್ಷೇಪಣೆ ಕೊಟ್ರೆ ಚಾನೆಲ್ಗೇ ಕುತ್ತು."

ಕೆಂಪರಾಜು ಇನ್ನೂ ನಂಬಲಿಲ್ಲ. "ಇದು ಅವ್ವ ಆಡಿದ್ದೇ ಅನ್ನಕ್ಕೆ ಏನ್ ಗುರ್ತು?"

ಹೊಂಬಾಳಮ್ಮ ರೇಗಿದರು. "ಮದ್ವೆ ಎಣ್ಣಿನ ಎಸ್ರು, ಅವ್ಳ ಊರು, ಸೋದರಮಾವನ ಎಸ್ರು ಸೇರುಸ್ದೆ ಯಾರ್ಲಾ ಸೋಬಾನೆ ಆಡ್ತರೆ? ಎರಡ್ನೇ ಸಾಲಲ್ಲಿ ಬ್ಲಫ್ ಊರಿನ ತೇಜು ಅವ್ಳೆ. ಮೂರ್ನೇ ಸಾಲಲ್ಲಿ ನೀನೇ ಇದ್ದೀಯಲ್ಲ ಮಂಕೆ! ಕಂಪನಿ ಪದದಲ್ಲಿ ಇದ್ದೀಯಾ?"

ರೂಪ ಚಪ್ಪಾಳೆ ತಟ್ಟಿದಳು. "ಇದ್ನೇ ಬರಿ, ಪುಷ್ಪಕ್ಕ!"

ಪುಷ್ಪಾ ಬರೆದಳು: 'ಇದು ತಲೆಮಾರುಗಳಿಂದ ಬಂದ ಪದ. ಹಾಡಿದವರು ನಮ್ಮತ್ತೆ, ಅವರ ಒಪ್ಪಿಗೆಯಿದೆ. ಕಂಪನಿಯ ಧ್ವನಿಮುದ್ರಣ ಬಳಸಿಲ್ಲ. ಎರಡು, ಮೂರನೇ ಸಾಲಿನಲ್ಲಿ ನಮ್ಮ ಮನೆಯವರ ಹೆಸರುಗಳಿವೆ, ಕೇಳಿ ನೋಡಿ.'

ಹದಿನೆಂಟನೇ ದಿನ ಕಂಪನಿ ಕ್ಲೇಮನ್ನು ಹಿಂತೆಗೆದುಕೊಂಡಿತು.

ಅಂದು ಟೀ ಅಂಗಡಿಯಲ್ಲಿ ಕೆಂಪರಾಜುವಿನ ಫೋನು ಜೋರಾಗಿ ಹಾಡುತ್ತಿತ್ತು. "ಸುಮ್ಕಿರ್ರಲಾ, ಮೂರ್ನೇ ಸಾಲು ಬತ್ತಾ ಅದೆ. ಅದು ನಾನು!"

ವಿಡಿಯೊ ಮಾಡುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕ್ಲೇಮ್ ಬಂತೆಂದು ಹೆದರಿ ಅಳಿಸಬೇಡಿ. ಮೊದಲು ಓದಿ. ಬೇರೆಯವರ ಹಾಡು ಸೇರಿದ್ದರೆ ಒಪ್ಪಿಕೊಂಡು ತೆಗೆಯಿರಿ. ನಿಮ್ಮದೇ ಆಗಿದ್ದರೆ ನಿಜವನ್ನು ಬರೆದು ಕಳಿಸಿ, ಉತ್ತರಕ್ಕೆ ಕಾಯಿರಿ. ಅಸಲಿ ವಿಡಿಯೊವನ್ನು ಜೋಪಾನವಾಗಿಡಿ. ನಿಮ್ಮ ಮನೆಯ ಹಿರಿಯರ ದನಿಯನ್ನು ನೀವಲ್ಲದೆ ಇನ್ಯಾರು ಕಾಯಬೇಕು?