ಮೂಲಂಗಿ ಪೀಪಾಯಿಯ ಕಲ್ಲು

ಕಲ್ಲಿನ ವೃತ್ತದ ಪಶ್ಚಿಮಕ್ಕೆ ಒಂದೇ ಒಂದು ಕಲ್ಲಿನ ಜಾಗ ಖಾಲಿ. “ನಾಲ್ಕು ಸಾವಿರ ವರ್ಷದ ಹಿಂದಿನೋರು ಇಲ್ಲಿದ್ದ ಕಲ್ಲನ್ನ ಬೇಕಂತಲೇ ಕಿತ್ತರು. ಸತ್ತೋರು ಹೊರಗೆ ಹೋಗೋ ಬಾಗಿಲು ಇದು,” ಎಂದು ಕಿನುಯೋ ಹನ್ನೊಂದು ವರ್ಷದಿಂದ ಜಾಗ ತೋರಿಸುವ ಗೈಡಾಗಿ ಬಂದವರಿಗೆಲ್ಲ ಹೇಳುತ್ತಿದ್ದಳು. ಹೇಳುವಾಗ ಪ್ರತಿ ಸಲವೂ ಕಿವಿ ಕೆಂಪಾಗುತ್ತಿತ್ತು. ಅದಕ್ಕೇ ಬೇಸಿಗೆಯಲ್ಲೂ ಕಿವಿ ಮುಚ್ಚುವ ಟೋಪಿ.

ಆ ಕಲ್ಲು ಅವಳ ಮನೆಯಲ್ಲಿತ್ತು.

ಜಪಾನಿನ ಅಕಿತಾದ ಈ ಊರಿಗೆ ಸೊಸೆಯಾಗಿ ಬಂದ ವರ್ಷ ಅತ್ತೆ, “ಉಪ್ಪು ಹಾಕಿದ ಮೂಲಂಗಿ ಮೇಲೆ ಹೇರೋಕೆ ನಿನ್ನ ಕಲ್ಲು ನೀನೇ ಹುಡುಕ್ಕೋ, ನನ್ನದು ಕೊಡಲ್ಲ,” ಎಂದಿದ್ದಳು. ಚೆಸ್ಟ್‌ನಟ್ ತೋಪಿನಲ್ಲಿ ಅರ್ಧ ಹೂತಿದ್ದ ಹಸಿರು ಕಲ್ಲೊಂದನ್ನು ಕಿನುಯೋ ಕಿತ್ತು ತಂದಳು. ಒಂಬತ್ತು ವರ್ಷದ ಮೇಲೆ ಅಲ್ಲೇ ಉತ್ಖನನವಾಗಿ ಕಲ್ಲಿನ ವೃತ್ತ ಹೊರಬಂತು. ಹೇಳಿಬಿಡೋಣ ಎಂದುಕೊಳ್ಳುವಷ್ಟರಲ್ಲಿ ಉತ್ಖನನ ನಡೆಸಿದ ಹಿರಾಬಾಯಾಶಿ ಮೇಷ್ಟ್ರು ಆ ಖಾಲಿ ಗುಳಿಯ ಮೇಲೆ ಎಂಟು ಪುಟದ ಪ್ರಬಂಧ ಬರೆದಿದ್ದರು. ಆಮೇಲೆ ಹೇಳಲು ಬಾಯಿ ಬರಲಿಲ್ಲ.

ಈಗ ಅಲ್ಲಿ ಕಂಚಿನ ಫಲಕ ನಿಲ್ಲಲಿತ್ತು. ಅದರ ಬರಹ ತೋರಿಸಲು ಮೇಷ್ಟ್ರೇ ಮನೆಗೆ ಬಂದರು. ಚಹಾದ ಜೊತೆ ಇಟ್ಟ ಉಪ್ಪು ಮೂಲಂಗಿಯನ್ನು ಕರುಂ ಎನ್ನಿಸಿದರು.

“ಕಿನುಯೋಸಾನ್, ನಮ್ಮನೆಯವಳ ಕೈಲಿ ಈ ಸದ್ದು ಬರೋದೇ ಇಲ್ಲ. ಏನು ಗುಟ್ಟು?”

ಕಾಗದದ ಮೇಲೆ ‘ಸತ್ತವರ ಬಾಗಿಲು’ ಎಂದು ದಪ್ಪಕ್ಷರದಲ್ಲಿತ್ತು. ಕಂಚಿನಲ್ಲಿ ಎರಕವಾದರೆ ಅದನ್ನು ಅಳಿಸುವವರಿಲ್ಲ.

“ಕಲ್ಲು, ಮೇಷ್ಟ್ರೇ. ಬನ್ನಿ, ತೋರಿಸ್ತೀನಿ.”

ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಮೇಷ್ಟ್ರು ಮೂಲಂಗಿ ಪೀಪಾಯಿಯ ಮೇಲಿನ ಕಲ್ಲನ್ನು ಎತ್ತಿ, ಉಪ್ಪುನೀರು ಒರೆಸಿ, ತಿರುಗಿಸಿದರು. ಬುಡದಲ್ಲಿ, ಹೂತಿದ್ದ ಮಟ್ಟಕ್ಕೆ, ಮಣ್ಣಿನ ಗೆರೆ ಹಾಗೇ ಉಳಿದಿತ್ತು. “ನಲವತ್ತೊಂದು ಸೆಂಟಿಮೀಟರ್. ಆ ಗುಳಿಯಷ್ಟೇ,” ಎಂದರು, ಅಳೆಯದೆಯೇ.

ಕಿನುಯೋ ಸೊಂಟ ಬಗ್ಗಿಸಿ ತಲೆ ತಗ್ಗಿಸಿದಳು. “ತಪ್ಪಾಯ್ತು. ನಾನು ಕಿತ್ತು ನಲವತ್ತಾರು ವರ್ಷ ಆಯ್ತು.”

“ನಾನು ನಾಲ್ಕು ಸಾವಿರ ಅಂತ ಬರ್ದೆ,” ಎಂದ ಮೇಷ್ಟ್ರು ಅವಳಿಗಿಂತ ಕೆಳಗೆ ಬಗ್ಗಿದರು. “ಊರೋರನ್ನ ಒಂದು ಮಾತು ಕೇಳ್ಲಿಲ್ಲ.”

ಮೊದಲು ತಲೆ ಎತ್ತುವುದು ಇಬ್ಬರಿಗೂ ಆಗಲಿಲ್ಲ. ಬಗ್ಗಿದಲ್ಲೇ ಮಾತು ನಡೆಯಿತು.

“ಫಲಕ ಎರಕ ಹೊಯ್ಯೋದು ಬೇಡ ಅಂತ ಇವತ್ತೇ ಫೋನ್ ಮಾಡ್ತೀನಿ.”

“ನಾಳೆ ಹತ್ತಕ್ಕೆ ಶಾಲೆಯೋರು ಬರ್ತಾರೆ. ಆ ಗುಳಿ ಹತ್ರ ಏನು ಹೇಳ್ಲಿ?”

“ಇದ್ದಿದ್ದನ್ನೇ ಹೇಳಿ.”

“ನನ್ನ ಹೆಸರೂ ಹೇಳ್ಬೇಕಾ?”

“ನನ್ನದನ್ನೂ ಸೇರಿಸಿ.”

ಮರುದಿನ ಕಿನುಯೋ ಗುಳಿಯ ಮುಂದೆ ನಿಂತು, ಬಾಯಿ ತೆರೆಯುವ ಮೊದಲು ಕಿವಿ ಮುಚ್ಚಿದ್ದ ಟೋಪಿ ತೆಗೆದಳು.